ಗ್ಲಾಕ್ ಕಾಪಿ ನಲವತ್ತು ಸಾವಿರಕ್ಕೆ ಸಿಗುತ್ತಂತೆ, ತಗೊಳ್ಳಲಾ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರ ನನ್ನದು. ವಯಸ್ಸು 52. ಆತ್ಮರಕ್ಷಣೆಗೆ ಅಂತ .32 ಬೋರ್ ರಿವಾಲ್ವರ್ ಅಥವಾ ಪಿಸ್ತೂಲಿಗೆ ಲೈಸೆನ್ಸ್ ಮಂಜೂರಾಗಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ತೋರಿಸಿದರು. "ಇದು ವೆಬ್ಲಿ ಕಾಪಿ ಅಷ್ಟೇ. ಒರಿಜಿನಲ್ ಬೇಕು ಅಂದ್ರೆ ಹಳೇ ವಾಲ್ಥರ್ ಇದೆ, ಆದ್ರೆ ಕೆಲವು ಲಕ್ಷ ಆಗುತ್ತೆ" ಅಂದರು. ನನ್ನ ಅಕ್ಕನ ಮಗ ಬೇರೆ ಮಾತು ಹೇಳುತ್ತಾನೆ. ಅವನ ಸ್ನೇಹಿತನ ಮೂಲಕ ಉತ್ತರ ಭಾರತದಿಂದ ಗ್ಲಾಕ್ ಕಾಪಿ 40 ಸಾವಿರಕ್ಕೆ ಸಿಗುತ್ತದಂತೆ. .32 ಬೋರೇ ಅಂತೆ, ಮೇಲೆ 'ಮೇಡ್ ಇನ್ ಯುಎಸ್‌ಎ' ಅಂತಲೂ ಇದೆಯಂತೆ. ಇದರ ನಡುವೆ ಪಿಯುಸಿ ಓದುವ ಮಗ ಬೆರೆಟ್ಟಾ ಥರ ಕಾಣುವ ಗ್ಯಾಸ್ ಪಿಸ್ತೂಲು ಕೊಡಿಸಿ ಅಂತ ಹಟ ಹಿಡಿದಿದ್ದಾನೆ. ಅವನಿಗೆ ಶೂಟಿಂಗ್ ಕಲಿಯುವ ಆಸೆ. ಕಾಪಿ ಮಾಲು ತಗೊಳ್ಳಬಹುದಾ? ದುಡ್ಡು ದಂಡ ಆಗುತ್ತಾ?

ಉತ್ತರ: ಮೊದಲು ಆ ನಲವತ್ತು ಸಾವಿರದ ಮಾತು ಮುಗಿಸಿಬಿಡೋಣ. ಬೇಡ ಯಜಮಾನರೇ. ಮುಟ್ಟಲೂಬೇಡಿ, ನೋಡೋಕೂ ಹೋಗಬೇಡಿ.

ಕಾರಣ ಬಹಳ ಸರಳ. ಗ್ಲಾಕ್ ಕಂಪನಿ .32 ಬೋರಿನ, ಅಂದರೆ ಆ ಅಳತೆಯ ನಳಿಗೆಯ, ಪಿಸ್ತೂಲು ಮಾಡುವುದೇ ಇಲ್ಲ. 9 ಎಂಎಂ, .40, .45, .380, 2019ರ ಕೊನೆಯಲ್ಲಿ ಬಂದ .22, ಹೀಗೆ ಹಲವು ಬೋರುಗಳಲ್ಲಿ ಮಾಡುತ್ತಾರೆ. ಆದರೆ ನಮ್ಮ ಲೈಸೆನ್ಸಿಗೆ ಹೊಂದುವ .32 ಆ ಪಟ್ಟಿಯಲ್ಲಿ ಇಲ್ಲ. 'ಮೇಡ್ ಇನ್ ಯುಎಸ್‌ಎ' ಅಂತ ಬರೆದಿರುವುದನ್ನೇ ನಾನು ತಪ್ಪು ಅನ್ನುವುದಿಲ್ಲ. ಗ್ಲಾಕ್ ಆಸ್ಟ್ರಿಯಾದ ಕಂಪನಿ ನಿಜ, ಆದರೆ ಅಮೆರಿಕದ ಜಾರ್ಜಿಯಾದಲ್ಲೂ ಅವರ ಕಾರ್ಖಾನೆ ಇದೆ. ಅಕ್ಷರ ಸರಿಯಿದ್ದರೂ ಬೋರೇ ಸುಳ್ಳು. ಹಾಗಾಗಿ ನಿಮ್ಮ ಅಕ್ಕನ ಮಗನಿಗೆ ತೋರಿಸಿದ್ದು ಯಾವುದೋ ಶೆಡ್ಡಿನಲ್ಲಿ ಮಾಡಿ, ಮೇಲೆ ಹೆಸರು ಕೊರೆದ ಕಂಟ್ರಿಮೇಡ್ ಮಾಲು.

ನನ್ನ ವಿಷಯ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಸೇನೆಯಲ್ಲಿ ಆರ್ಮರರ್ ಆಗಿದ್ದೆ, ಅಂದರೆ ಕೆಟ್ಟ ಬಂದೂಕು ರಿಪೇರಿ ಮಾಡುವ ಕೆಲಸ. ನಿವೃತ್ತಿ ಆದಮೇಲೆ ತುಮಕೂರಿನ ಕ್ಯಾತ್ಸಂದ್ರದ ಕಡೆ ಮನೆ ಮಾಡಿಕೊಂಡಿದ್ದೇನೆ. ಸರ್ವಿಸಿನಲ್ಲಿದ್ದಾಗ ಒಂದು ಸಲ, ಯಾರಿಂದಲೋ ವಶಪಡಿಸಿಕೊಂಡ ಪಿಸ್ತೂಲೊಂದು ನಮ್ಮ ವರ್ಕ್‌ಶಾಪಿಗೆ ಬಂತು. ನೋಡೋಕೆ ಚೆಂದ. ಕಪ್ಪು ಬಣ್ಣ, ಹಿಡಿಯ ಮೇಲೆ ನಕ್ಷತ್ರ, ಸ್ಲೈಡಿನ ಮೇಲೆ 'ಮೇಡ್ ಇನ್ ಇಟಲಿ'. ಆದರೆ ಇಂಗ್ಲಿಷಿನಲ್ಲಿ ಇಟಲಿಗೆ ಎರಡು ಎಲ್ ಹಾಕಿದ್ದರು. ನಾವೆಲ್ಲ ನಕ್ಕೆವು. ಬಿಚ್ಚಿ ನೋಡಿದ ಮೇಲೆ ನಗು ಬರಲಿಲ್ಲ. ಗುಂಡು ಕೂರುವ ಚೇಂಬರಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೊಂದೆರಡು ಗುಂಡು ಹಾರಿಸಿದ್ದರೆ ಹಾರಿಸಿದವನ ಬೆರಳೇ ಹೋಗುತ್ತಿತ್ತು. ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆದು ಹಿಡಿಯುವ ಭಾಗ ಇರಲೇ ಇಲ್ಲ. ಅಸಲಿ ಗ್ಲಾಕಿನಲ್ಲಿ ಮೂರು ಸೇಫ್ಟಿ ಒಳಗೇ ಇರುತ್ತವೆ. ಟ್ರಿಗರ್ ಪೂರ್ತಿ ಒತ್ತುವ ತನಕ ಪಿನ್ನು ಮುಂದಕ್ಕೆ ಬರುವಂತಿಲ್ಲ, ಕೈಜಾರಿ ಬಿದ್ದರೂ ಹಾರಬಾರದು. ಕಾಪಿ ಮಾಡುವವನು ಹೊರಗಿನ ಆಕಾರ ನೋಡಿ ಮಾಡುತ್ತಾನೆ. ಒಳಗಿರುವ ಈ ಪುಟ್ಟ ಭಾಗಗಳು ಗಿರಾಕಿಗೆ ಕಾಣುವುದಿಲ್ಲ, ಹಾಗಾಗಿ ಅವನಿಗೂ ಬೇಡ. ಅಂಥದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಹೋಗುವುದನ್ನು ಸುಮ್ನೆ ಊಹಿಸಿ ನೋಡಿ.

ಇನ್ನು ಕಾನೂನು. 'ನನ್ನ ಹತ್ತಿರ ಲೈಸೆನ್ಸ್ ಇದೆಯಲ್ಲ' ಅಂದುಕೊಂಡಿದ್ದೀರೇನೋ. ಲೈಸೆನ್ಸ್ ಪುಸ್ತಕದಲ್ಲಿ ಆಯುಧದ ಬೋರು, ತಯಾರಕರ ಹೆಸರು, ನಂಬರು ಏರಿದರೆ ಮಾತ್ರ ಆ ಆಯುಧ ನಿಮ್ಮದು. ಈ ಮಾಲಿನ ಬಿಲ್ಲೂ ಇಲ್ಲ, ನಂಬರೂ ಇಲ್ಲ. ಇದ್ದರೂ ಅದು ಯಾವುದೋ ಫೋಟೊ ನೋಡಿ ಕೊರೆದ ನಂಬರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಒಂದು ಸಲ ಓದಿ. ತಯಾರಕರ ಹೆಸರು, ನಂಬರು ಅಥವಾ ಬೇರೆ ಗುರುತು ಒತ್ತಿಲ್ಲದ ಬಂದೂಕನ್ನು ಮಾರುವುದೇ ತಪ್ಪು. ಆ ಗುರುತನ್ನು ಅಳಿಸುವುದು, ತಿದ್ದುವುದು, ನಕಲಿ ಮಾಡುವುದೂ ತಪ್ಪು. ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಅದೇನಾದರೂ ಪ್ರೊಹಿಬಿಟೆಡ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ಬಗೆ, ಅಂತ ಲೆಕ್ಕವಾದರೆ ಕನಿಷ್ಠವೇ 7 ವರ್ಷ. ಜೊತೆಗೆ ಕಷ್ಟಪಟ್ಟು ಮಾಡಿಸಿಕೊಂಡ ಲೈಸೆನ್ಸೂ ಹೋಗುತ್ತದೆ. ಡಿಸಿ ಆಫೀಸು, ಎಸ್‌ಪಿ ಆಫೀಸು, ಪೊಲೀಸ್ ಠಾಣೆ ಅಂತ ನೀವು ಎಷ್ಟು ಓಡಾಡಿದ್ದೀರಿ ಅಂತ ನನಗೆ ಗೊತ್ತು. ಅದನ್ನೆಲ್ಲ ಒಂದು ಕಬ್ಬಿಣದ ತುಂಡಿಗೆ ಕಳೆದುಕೊಳ್ಳುತ್ತೀರಾ?

ಅಕ್ಕನ ಮಗನಿಗೂ ಒಂದು ಮಾತು ಹೇಳಿ. ಅಂಥ ಮಾಲು ಮಾರುವುದಕ್ಕೆ ಕನಿಷ್ಠ 7 ವರ್ಷ, ಜೀವಾವಧಿ ತನಕವೂ ಹೋಗಬಹುದು. ನಡುವೆ ನಿಂತು ವ್ಯವಹಾರ ಕುದುರಿಸುವವನು ಕೂಡ ಕೇಸಿನೊಳಗೇ ಇರುತ್ತಾನೆ. ಸ್ನೇಹಿತನ ನಂಬರನ್ನು ಫೋನಿನಿಂದ ತೆಗೆದುಹಾಕಲಿ.

ಸರಿ, ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ರುಚಿ ಹುಟ್ಟಿಸಿದ ಭಾಗಕ್ಕೆ ಬರೋಣ. ಅಂಗಡಿಯವರು 'ಇದು ವೆಬ್ಲಿ ಕಾಪಿ ಅಷ್ಟೇ' ಅಂದರಲ್ಲ, ಆ 'ಅಷ್ಟೇ' ನನಗೆ ಇಷ್ಟವಾಗಲಿಲ್ಲ.

ತುಮಕೂರಿನವನಾಗಿ ಒಂದು ಉದಾಹರಣೆ ಕೊಡುತ್ತೇನೆ. ನಮ್ಮೂರಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಈಗ ಮುಚ್ಚಿದೆ, ಜಾಗ ಇಸ್ರೋಗೆ ಹೋಗಿದೆ. ಎಚ್‌ಎಂಟಿ ಗಡಿಯಾರ ಹುಟ್ಟಿದ್ದು ಹೇಗೆ? 1961ರಲ್ಲಿ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯಿಂದ ತಂತ್ರಜ್ಞಾನ ಕಲಿತು. ಹಾಗಂತ ಅದನ್ನು ಯಾರಾದರೂ 'ಸಿಟಿಜನ್ ಕಾಪಿ ಅಷ್ಟೇ' ಅಂದಿದ್ದಾರಾ? ನಮ್ಮ ತಂದೆ ಕಟ್ಟಿದ ಎಚ್‌ಎಂಟಿ ನನ್ನ ಮೇಜಿನ ಮೇಲೆ ಈಗಲೂ ಓಡುತ್ತಿದೆ. ಅದೇ ಬಸ್ ಸ್ಟ್ಯಾಂಡಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ 'ರೋಲೆಕ್ಸ್' ಇದೆಯಲ್ಲ, ಅದೂ ಕಾಪಿಯೇ. ಎಚ್‌ಎಂಟಿ ಕೆಟ್ಟರೆ ಯಾವ ಊರಿನ ರಿಪೇರಿಯವನಾದರೂ ಬಿಚ್ಚಿ ಪಾರ್ಟು ಹಾಕಿ ಕೊಡುತ್ತಿದ್ದ, ಯಾಕೆಂದರೆ ಅದರ ಹಿಂದೆ ಒಂದು ಹೆಸರಿತ್ತು. ಈ ರೋಲೆಕ್ಸ್ ಕೆಟ್ಟರೆ ಯಾರ ಹತ್ತಿರ ಹೋಗುತ್ತೀರಿ?

ಪಿಸ್ತೂಲಿನ ಕಥೆಯೂ ಇದೇ. ಪ್ರಪಂಚದ ಹೆಸರಾಂತ ಪಿಸ್ತೂಲುಗಳಲ್ಲಿ ಅರ್ಧಕ್ಕೆ ಕಾಪಿಗಳಿವೆ, ಆ ಕಾಪಿಗಳಲ್ಲಿ ಕೆಲವು ಮೂಲಕ್ಕೆ ಸರಿಸಮ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ 1911 ಅಮೆರಿಕ ಸೇನೆಯಲ್ಲಿ 1911ರಿಂದ 1985ರ ತನಕ ಸೊಂಟದ ಮೇಲಿತ್ತು. ಪೇಟೆಂಟು ಯಾವತ್ತೋ ಮುಗಿದಿದೆ. ಇವತ್ತು ಫಿಲಿಪೈನ್ಸಿನ ಆರ್ಮ್ಸ್‌ಕೋರ್, ಟರ್ಕಿಯ ಟಿಸಾಸ್ ಮಾಡುವ 1911ಗಳನ್ನು ಅಮೆರಿಕದವರೇ ಕೊಳ್ಳುತ್ತಾರೆ. ಕೋಲ್ಟಿನ ಬೆಲೆ ಕೊಡಲು ಆಗದವರಿಗೆ ಅದೊಂದು ಒಳ್ಳೆ ದಾರಿ. ಸಿಝಡ್ 75ರದ್ದು ಇನ್ನೂ ಚೆಂದದ ಕಥೆ. ಝೆಕೊಸ್ಲೊವಾಕಿಯಾದಲ್ಲಿ ಕೌಟ್ಸ್‌ಕಿ ಸಹೋದರರು ಮಾಡಿದ ಪಿಸ್ತೂಲು. ಸರ್ಕಾರ ಅದರ ಪೇಟೆಂಟನ್ನು ಗುಟ್ಟಾಗಿ ಇಟ್ಟಿತು. ಗುಟ್ಟಾಗಿಟ್ಟಿದ್ದರಿಂದಲೇ ಹೊರದೇಶದಲ್ಲಿ ಅದಕ್ಕೆ ರಕ್ಷಣೆ ಸಿಗಲಿಲ್ಲ. ಇಟಲಿಯ ಟ್ಯಾನ್‌ಫೋಲಿಯೊ ಕಾಪಿ ಮಾಡಿತು. ಆ ಟ್ಯಾನ್‌ಫೋಲಿಯೊ ಭಾಗಗಳನ್ನೇ ತಗೊಂಡು ಇಸ್ರೇಲಿನವರು ಜೆರಿಕೊ ಮಾಡಿದರು. ಟರ್ಕಿಯವರೂ ಮಾಡಿದರು, ಚೀನಾದವರೂ ಮಾಡಿದರು. ಕಾಪಿಯ ಕಾಪಿ! ಆದರೂ ಇವುಗಳಲ್ಲಿ ಹಲವನ್ನು ಪೊಲೀಸರೂ ಸೈನಿಕರೂ ನಂಬಿ ಹಿಡಿದಿದ್ದಾರೆ.

ಇಟಲಿಯ ಬೆರೆಟ್ಟಾ 92 ಪಿಸ್ತೂಲನ್ನೇ ಉದಾಹರಣೆಗೆ ತಗೊಳ್ಳಿ. ಬ್ರೆಜಿಲಿನಲ್ಲಿ ಬೆರೆಟ್ಟಾಗೆ ಒಂದು ಕಾರ್ಖಾನೆ ಇತ್ತು. 1980ರಲ್ಲಿ ಟಾರಸ್ ಕಂಪನಿ ಆ ಕಾರ್ಖಾನೆಯನ್ನು ಯಂತ್ರಗಳ ಸಮೇತ ಕೊಂಡುಕೊಂಡಿತು. ಅದೇ ಯಂತ್ರದಲ್ಲಿ ತನ್ನ ಹೆಸರಿನ ಪಿಟಿ 92 ಮಾಡಿತು. ಅದನ್ನು ಕಾಪಿ ಅನ್ನಬೇಕೋ ತಮ್ಮ ಅನ್ನಬೇಕೋ ನನಗೆ ಗೊತ್ತಾಗುವುದಿಲ್ಲ. ಗ್ಲಾಕಿನ ವಿಷಯದಲ್ಲಿ ಜಗಳವೇ ಆಯಿತು. ಸ್ಮಿತ್ ಅಂಡ್ ವೆಸನ್‌ನಂಥ ದೊಡ್ಡ ಕಂಪನಿ 1994ರಲ್ಲಿ ಸಿಗ್ಮಾ ಅಂತ ಒಂದು ಪಿಸ್ತೂಲು ತಂದಾಗ ಗ್ಲಾಕ್ ಕೋರ್ಟಿಗೆ ಹೋಯಿತು. ಕೊನೆಗೆ ರಾಜಿ ಆಯಿತು, ಸ್ಮಿತ್‌ನವರು ದುಡ್ಡು ಕೊಟ್ಟು ವಿನ್ಯಾಸವನ್ನೂ ಬದಲಾಯಿಸಿದರು. ಈಗ ಹಳೇ ಗ್ಲಾಕಿನ ಪೇಟೆಂಟುಗಳು ಮುಗಿದಿವೆ. ಅಮೆರಿಕದಲ್ಲಿ ಗ್ಲಾಕಿನ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ), ಗ್ಲಾಕಿನ ಬ್ಯಾರಲ್ (ನಳಿಗೆ) ಕೂರುವಂಥ ಅಗ್ಗದ ಪಿಸ್ತೂಲುಗಳನ್ನು ಬಹಿರಂಗವಾಗಿ ಮಾರುತ್ತಾರೆ. ಯೂಟ್ಯೂಬಿನಲ್ಲಿ ನಿಮ್ಮ ಅಕ್ಕನ ಮಗ ನೋಡಿರುವುದು ಬಹುಶಃ ಅವನ್ನೇ. ಅವು ಅಲ್ಲಿಗೆ ಸರಿ. ಅಲ್ಲಿ ಮಾಡಿದವನ ವಿಳಾಸ ಇದೆ, ವಾರಂಟಿ ಇದೆ, ಸಿಡಿದರೆ ಕೋರ್ಟಿಗೆ ಎಳೆಯಬಹುದು.

ಇಲ್ಲಿಗೆ ಅವು ಬರುವುದಿಲ್ಲ. 1980ರ ದಶಕದಿಂದ ನಮ್ಮ ದೇಶದಲ್ಲಿ ಸಾಮಾನ್ಯ ಜನ ಹೊರದೇಶದಿಂದ ಪಿಸ್ತೂಲು ತರಿಸುವುದು ಬಂದ್. ಹೆಸರಾಂತ ಶೂಟರುಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. 9 ಎಂಎಂ ಬೋರು ಪ್ರೊಹಿಬಿಟೆಡ್, ನಿಮ್ಮ ಲೈಸೆನ್ಸಿಗೆ ಸಿಗುವುದಿಲ್ಲ. ಹಾಗಾಗಿ ಆ ವಿಡಿಯೊಗಳಲ್ಲಿ 'ಬೆಸ್ಟ್ ಕಾಪಿ' ಅಂತ ಹೇಳುವುದರಲ್ಲಿ ಮುಕ್ಕಾಲು ಪಾಲು ನಮಗೆ ಬರೀ ಮನರಂಜನೆ.

ಆದರೆ ಎಲ್ಲ ಕಾಪಿಯೂ ಚೆನ್ನ ಅಂತ ನಾನು ಹೇಳುತ್ತಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಪಿಸ್ತೂಲಿನ ಕೊರತೆ ಆಯಿತು. ಸ್ಪೇನಿನ ಒಂದು ಕಂಪನಿ ಬ್ರೌನಿಂಗ್ 1903ನ್ನು ನೋಡಿ ಮಾಡಿದ 'ರೂಬಿ' ಪಿಸ್ತೂಲಿಗೆ ಆರ್ಡರ್ ಕೊಟ್ಟರು. ಅದೂ .32 ಬೋರೇ. ಆರ್ಡರ್ ಎಷ್ಟು ದೊಡ್ಡದಾಯಿತು ಅಂದರೆ ಸುತ್ತಮುತ್ತಲಿನ ಹತ್ತಾರು ಚಿಕ್ಕಪುಟ್ಟ ಕಾರ್ಖಾನೆಗಳಿಗೆ ಕೆಲಸ ಹಂಚಬೇಕಾಯಿತು. ಎಲ್ಲವೂ ನೋಡೋಕೆ ಒಂದೇ. ಆದರೆ ಒಬ್ಬರು ಮಾಡಿದ ಮ್ಯಾಗಜಿನ್ ಇನ್ನೊಬ್ಬರ ಪಿಸ್ತೂಲಿಗೆ ಕೂರುತ್ತಿರಲಿಲ್ಲ. ಕೊನೆಗೆ ಯಾವುದು ಯಾರದ್ದು ಅಂತ ತಿಳಿಯಲು ಪಿಸ್ತೂಲು, ಮ್ಯಾಗಜಿನ್ ಎರಡರ ಮೇಲೂ ತಯಾರಕರ ಅಕ್ಷರ ಒತ್ತಬೇಕಾಯಿತು. ಕಂದಕದಲ್ಲಿ ಕೂತ ಸಿಪಾಯಿ ಕತ್ತಲಲ್ಲಿ ಆ ಪುಟ್ಟ ಅಕ್ಷರ ಹುಡುಕುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆರ್ಮರರ್ ಆದವನಿಗೆ ಮ್ಯಾಗಜಿನ್ ಅಂದರೆ ಅಷ್ಟು ಮುಖ್ಯ. ಪಿಸ್ತೂಲು ಸಿಕ್ಕಿಹಾಕಿಕೊಂಡರೆ ಹತ್ತರಲ್ಲಿ ಆರು ಸಲ ದೂರು ಮ್ಯಾಗಜಿನ್ನಿನ ಮೇಲೆಯೇ. ನನ್ನ ಕೈಯಲ್ಲಿ ಆಗಿದ್ದೂ ಇದೇ. ಕುಣಿಗಲ್ ಕಡೆಯ ಸ್ನೇಹಿತರೊಬ್ಬರ ಹಳೇ ಪಿಸ್ತೂಲಿಗೆ ಒರಿಜಿನಲ್ ಮ್ಯಾಗಜಿನ್ ಸಿಗಲಿಲ್ಲ ಅಂತ ಯಾವುದೋ ಅಂಗಡಿಯಿಂದ ಡುಪ್ಲಿಕೇಟ್ ತಂದೆವು. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಮೂರನೇ ಗುಂಡಿಗೆ ನಿಂತಿತು. ಮ್ಯಾಗಜಿನ್ನಿನ ಬಾಯಿಯ ಅಂಚು ಒಂದು ಕೂದಲಿನಷ್ಟು ಅಗಲ, ಅಷ್ಟೇ ತಪ್ಪು. ರೇಂಜಿನಲ್ಲಿ ಆದದ್ದಕ್ಕೆ ಬೈದು ಸುಮ್ಮನಾದೆವು.

ಮುಂಗೇರ್ ಹೆಸರು ಕೇಳಿರುತ್ತೀರಿ. ಬಿಹಾರದ ಆ ಊರಿಗೆ ಬಂದೂಕಿನ ನಂಟು ಇವತ್ತಿನದಲ್ಲ. 1760ರ ದಶಕದಲ್ಲಿ ಬಂಗಾಳದ ನವಾಬ ಮೀರ್ ಖಾಸಿಂ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿ, ಕಂಪನಿ ಸರ್ಕಾರದ ವಿರುದ್ಧ ಹೋರಾಡಲು ಬಂದೂಕಿನ ಕಾರ್ಖಾನೆ ಹಾಕಿಸಿದ. ಕೈಕಸುಬು ಅಲ್ಲೇ ಉಳಿಯಿತು. ಇವತ್ತಿಗೂ ಅಲ್ಲಿ ಲೈಸೆನ್ಸ್ ಪಡೆದು ನ್ಯಾಯವಾಗಿ ಬಂದೂಕು ಮಾಡುವವರಿದ್ದಾರೆ, ಪಕ್ಕದಲ್ಲೇ ಕಳ್ಳ ಮಾಲು ಮಾಡುವವರೂ ಇದ್ದಾರೆ. ಕಸುಬು ಬಲ್ಲವರು ಅನ್ನುವುದರಲ್ಲಿ ಅನುಮಾನ ಇಲ್ಲ. ಕಸುಬು ಬಲ್ಲವನೇ ಯಾಕೆ ತನ್ನ ಹೆಸರು ಒತ್ತುವುದಿಲ್ಲ ಅನ್ನುವುದು ನನ್ನ ಪ್ರಶ್ನೆ. ಪಾಕಿಸ್ತಾನದ ದರ್ರಾ ಆದಮ್‌ ಖೇಲ್‌ನದೂ ಇದೇ ಗತಿ. ಬ್ರಿಟಿಷರ ವೆಬ್ಲಿ, ಎನ್‌ಫೀಲ್ಡುಗಳನ್ನು ಅಲ್ಲಿನವರು ಅರದಿಂದಲೇ ತೀಡಿ ತೀಡಿ ಕಾಪಿ ಮಾಡಿದರು. ಕೊರೆದ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಕೆಲವು ಉಲ್ಟಾ.

ಈಗ ನಿಮ್ಮ ಕಾನ್ಪುರದ ರಿವಾಲ್ವರ್. ಹೌದು, ಅದು ಬ್ರಿಟನ್ನಿನ ವೆಬ್ಲಿ ಮಾರ್ಕ್ 4ರ ವಂಶ. ಆರು ಗುಂಡು, ನಡುವೆ ಬಗ್ಗಿಸಿ ತೆರೆಯುವ ಚೌಕಟ್ಟು. 2014ರಲ್ಲಿ ಹೆಂಗಸರಿಗೆ ಅಂತ ಟೈಟಾನಿಯಂ ಮಿಶ್ರಲೋಹದ 'ನಿರ್ಭೀಕ್' ಬಂತಲ್ಲ, ಅರ್ಧ ಕೆ.ಜಿ. ತೂಕ, ಆಗಲೇ ಸುಮಾರು 1.22 ಲಕ್ಷ ರೂಪಾಯಿ, ಅದೂ ಕಾನ್ಪುರದ್ದೇ. ಇನ್ನೊಂದು ತಮಾಷೆ ಏನೆಂದರೆ, 2020ರ ಹೊತ್ತಿಗೆ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ ಕಂಪನಿಯೇ ಉತ್ತರ ಪ್ರದೇಶದ ಸಂಡೀಲಾಕ್ಕೆ ಬಂದು ಇಲ್ಲಿನವರ ಜೊತೆ ಸೇರಿ .32 ರಿವಾಲ್ವರ್ ಮಾಡಲು ಶುರು ಮಾಡಿತು. ಅಸಲಿಯೂ ಕಾಪಿಯೂ ಈಗ ಒಂದೇ ರಾಜ್ಯದಲ್ಲಿ ಹುಟ್ಟುತ್ತಿವೆ! ನಾವು ಸೇನೆಯಲ್ಲಿ ಹಿಡಿಯುತ್ತಿದ್ದ 9 ಎಂಎಂ ಪಿಸ್ತೂಲೂ ಬ್ರೌನಿಂಗ್ ಹೈ ಪವರ್‌ನ ಭಾರತೀಯ ರೂಪ, ಇಛಾಪುರದ ಕಾರ್ಖಾನೆಯದ್ದು. ಮೂಲ ಬಂದಿದ್ದು 1935ರಲ್ಲಿ. ಕಾಪಿ ಅಂತ ನಾವು ಯಾರೂ ಮೂಗು ಮುರಿಯಲಿಲ್ಲ.

ಹಾಗಾದರೆ ಕಾನ್ಪುರದ್ದರಲ್ಲಿ ಕೊರತೆ ಇಲ್ಲವಾ? ಇದೆ. ಟ್ರಿಗರ್ ಬಿಗಿ. ಹೊರಗಿನ ಫಿನಿಷಿಂಗ್ ಒಂದು ಚೆನ್ನಾಗಿದ್ದರೆ ಇನ್ನೊಂದು ಒರಟು. ಅಂಗಡಿಯಲ್ಲಿ ನಾಲ್ಕು ಇದ್ದರೆ ನಾಲ್ಕನ್ನೂ ಕೈಗೆ ತಗೊಂಡು ನೋಡಿ ಆರಿಸಬೇಕು. ಆದರೆ ಕೊಡುವ ದುಡ್ಡಿಗೆ ಬಿಲ್ಲು, ನಂಬರು, ಬಿಡಿಭಾಗ, ನಾಳೆ ತೊಂದರೆಯಾದರೆ ಕೇಳಲು ಒಂದು ಬಾಗಿಲು, ಇವಿಷ್ಟೂ ಸಿಗುತ್ತವೆ.

ಹಳೇ ವಾಲ್ಥರ್ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ವಾಲ್ಥರ್ ಪಿಪಿ 1929ರಲ್ಲಿ ಬಂದದ್ದು, ಪಿಪಿಕೆ ಅದಾದ ಎರಡು ವರ್ಷಕ್ಕೆ. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದ ವಸ್ತು. ಆದರೆ ಆ ಕೆಲವು ಲಕ್ಷ ಇದೆಯಲ್ಲ, ಅದು ಪಿಸ್ತೂಲಿನ ಬೆಲೆಯಲ್ಲ, ಆಮದು ನಿಂತುಹೋದದ್ದರ ಬೆಲೆ. ಹೊರದೇಶದಲ್ಲಿ ಅದು ಅಷ್ಟು ಬೆಲೆ ಬಾಳುವುದಿಲ್ಲ. ಮೇಲಾಗಿ ನಾಲ್ಕೈದು ಕೈ ಬದಲಾಗಿರುತ್ತದೆ. ಯಾರ ಮನೆಯ ಬೀರುವಿನಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ. ಒಳಗಿನ ಸ್ಪ್ರಿಂಗು, ಪಿನ್ನು ಯಾವುದೋ ಊರಿನ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿದ್ದಾಗಿದ್ದರೆ ನೀವು ಅಸಲಿಯ ಬೆಲೆ ಕೊಟ್ಟು ಅರ್ಧ ಕಾಪಿ ಕೊಂಡ ಹಾಗೆ. ಹಳೆಯದರ ಮೇಲೆ ಮೋಹ ಇದ್ದರೆ, ದುಡ್ಡಿಗೂ ತೊಂದರೆ ಇಲ್ಲದಿದ್ದರೆ ತಗೊಳ್ಳಿ. ನಿಮಗೆ ಬೇಕಿರುವುದು ಆತ್ಮರಕ್ಷಣೆಗೆ ಅಂದಿರಿ. ಅದಕ್ಕೆ ಹೊಸ ಕಾಪಿಯೇ ವಾಸಿ ಅನ್ನುವುದು ನನ್ನ ತೀರ್ಮಾನ.

ರಿವಾಲ್ವರೋ ಪಿಸ್ತೂಲೋ ಅಂತ ಇನ್ನೂ ತೀರ್ಮಾನಿಸಿಲ್ಲ ಅಂತ ಕಾಣುತ್ತದೆ. ರಿವಾಲ್ವರ್ ತಗೊಳ್ಳಿ. ಮ್ಯಾಗಜಿನ್ನಿನ ರಗಳೆ ಇಲ್ಲ, ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಒತ್ತಿದರೆ ಮುಂದಿನದು ಬರುತ್ತದೆ. ವರ್ಷಕ್ಕೆ ಒಂದೆರಡು ಸಲ ರೇಂಜಿಗೆ ಹೋಗುವವರಿಗೆ ಅದೇ ಸರಿ. ಗುಂಡು ಕೊಳ್ಳುವಾಗ ಮಾತ್ರ ಕಣ್ಣು ತೆರೆದಿರಲಿ. ಲೈಸೆನ್ಸಿನಲ್ಲಿ .32 ಅಂತ ಒಂದೇ ಪದ ಇದ್ದರೂ ಗುಂಡು ಎರಡು ಥರ. ರಿವಾಲ್ವರಿಗೆ ಎಸ್ ಅಂಡ್ ಡಬ್ಲ್ಯೂ ಲಾಂಗ್, ಪಿಸ್ತೂಲಿಗೆ ಎಸಿಪಿ. ಪಿಸ್ತೂಲಿನ ಗುಂಡು ರಿವಾಲ್ವರಿನೊಳಗೆ ಹೇಗೋ ಕೂರುತ್ತದೆ, 'ನಡೆಯುತ್ತೆ ಹಾಕಿ ಸಾರ್' ಅನ್ನುವವರೂ ಸಿಗುತ್ತಾರೆ. ನಡೆಸಬೇಡಿ. ಎಸಿಪಿಯ ಒತ್ತಡ ಜಾಸ್ತಿ. ರಿವಾಲ್ವರ್ ಅದಕ್ಕೆ ಲೆಕ್ಕ ಹಾಕಿ ಮಾಡಿದ್ದಲ್ಲ.

ಅಂಗಡಿಗೆ ಹೋದಾಗ ಹೊಳಪು ನೋಡಿ ಮರುಳಾಗಬೇಡಿ. ಮೊದಲು ಖಾಲಿ ಇದೆಯಾ ಅಂತ ಅಂಗಡಿಯವರಿಂದಲೇ ತೆರೆಸಿ ನೋಡಿ, ಆಮೇಲೆ ನೀವೂ ನೋಡಿ. ತಯಾರಕರ ಹೆಸರು, ಬೋರು, ನಂಬರು ಓದಿ. ಬಿಲ್ಲಿನಲ್ಲಿರುವ ನಂಬರಿಗೆ ಅಂಕಿ ಅಂಕಿ ಹೋಲಿಸಿ. ಪ್ರೂಫ್ ಗುರುತು ಎಲ್ಲಿದೆ ಅಂತ ಕೇಳಿ. ಹೊಸ ಬಂದೂಕಿಗೆ ಮಾಮೂಲಿಗಿಂತ ಜಾಸ್ತಿ ಒತ್ತಡದ ಗುಂಡು ಹಾಕಿ ಹಾರಿಸಿ, ತಡೆದುಕೊಂಡರೆ ಒತ್ತುವ ಮುದ್ರೆ ಅದು. ಯುರೋಪಿನಲ್ಲಿ ಕಾಲು ಭಾಗಕ್ಕೂ ಮೀರಿದ ಒತ್ತಡದಲ್ಲಿ ಪರೀಕ್ಷೆ ಮಾಡುತ್ತಾರೆ. ಕಂಟ್ರಿಮೇಡ್ ಮಾಲಿನ ಪರೀಕ್ಷೆ ಆಗುವುದು ಕೊಂಡವನ ಕೈಯಲ್ಲಿ. ಗುಂಡುಗಳು ಕೂರುವ, ತಿರುಗುವ ಸಿಲಿಂಡರನ್ನು ಹೆಬ್ಬೆರಳಲ್ಲಿ ಅಲ್ಲಾಡಿಸಿ ನೋಡಿ. ಚೂರು ಅಲುಗುವುದು ಸಹಜ, ಗಡಗಡ ಅಂದರೆ ಬೇಡ. ಸಿಲಿಂಡರಿನ ತೂತು ಬ್ಯಾರಲ್ಲಿನ ತೂತಿಗೆ ನೇರ ನಿಲ್ಲದಿದ್ದರೆ ಗುಂಡಿನ ಸೀಸ ಅಂಚಿಗೆ ಉಜ್ಜಿ ಪಕ್ಕಕ್ಕೆ ಚೂರು ಚೂರಾಗಿ ಹಾರುತ್ತದೆ. ಹಳೆಯದಾದರೆ ಬ್ಯಾರಲ್ಲಿನೊಳಗೆ ಬೆಳಕು ಬಿಟ್ಟು ನೋಡಿ. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದಿದೆ. ಒಂದು ಕಡೆ ಉಂಗುರದ ಥರ ನೆರಳು ಕಂಡರೆ ಅಲ್ಲಿ ಒಮ್ಮೆ ಉಬ್ಬಿದೆ, ವಾಪಸ್ ಕೊಟ್ಟು ಬನ್ನಿ.

ತುಕ್ಕು ಅಂದಾಗ ನೆನಪಾಯಿತು. ಆಯುಧ ಪೂಜೆಗೆ ರಿವಾಲ್ವರಿಗೆ ಒದ್ದೆ ಕುಂಕುಮ, ನಿಂಬೆಹಣ್ಣಿನ ರಸ ಹಚ್ಚಿ ಮಾರನೇ ದಿನ ಹಾಗೇ ಬೀರುವಿಗೆ ಇಡುವವರನ್ನು ಬಹಳ ನೋಡಿದ್ದೇನೆ. ಮುಂದಿನ ವರ್ಷ ನನ್ನ ಹತ್ತಿರ ತರುತ್ತಾರೆ, 'ಮಾಲೇ ಸರಿಯಿಲ್ಲ ಸಾರ್' ಅಂತ. ಪೂಜೆ ಮಾಡಿ, ಬೇಡ ಅನ್ನಲ್ಲ. ಸಂಜೆಗೇ ಒರೆಸಿ ಎಣ್ಣೆ ಹಚ್ಚಿ.

ಕೊನೆಗೆ ಮಗನ ಗ್ಯಾಸ್ ಪಿಸ್ತೂಲು. ಇದರಲ್ಲಿ ನಿಮಗಿಂತ ಅವನ ಹತ್ತಿರ ಮಾತಾಡಬೇಕು ಅನ್ನಿಸುತ್ತದೆ. ಅವನು ತೋರಿಸಿರುವುದು ಹಿಡಿಯೊಳಗೆ 12 ಗ್ರಾಮಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕಿ ಪುಟ್ಟ ಉಕ್ಕಿನ ಗುಂಡು ಹಾರಿಸುವ ಮಾದರಿ ಇರಬೇಕು. 2016ರ ನಿಯಮಗಳ ಪ್ರಕಾರ ಬೋರು 4.5 ಮಿ.ಮೀ. ಅಂದರೆ .177, ಶಕ್ತಿ 20 ಜೌಲ್, ಇವುಗಳನ್ನು ಮೀರದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಅದನ್ನೇ ಅಂಗಡಿಯವರು ದೊಡ್ಡದಾಗಿ ಬರೆಯುತ್ತಾರೆ. ಆದರೆ ಅದೇ ನಿಯಮಗಳು ಅಸಲಿಯನ್ನೇ ಹೋಲುವ ನಕಲಿ ಬಂದೂಕಿನ ಬಗ್ಗೆಯೂ ಮಾತಾಡುತ್ತವೆ. 1959ರ ಕಾಯ್ದೆಯ 6ನೇ ಕಲಂ ಇನ್ನೂ ಹಳೆಯದು. ನಕಲಿ ಬಂದೂಕನ್ನು ಗುಂಡು ಹಾರುವ ಹಾಗೆ ಲೈಸೆನ್ಸ್ ಇಲ್ಲದೆ ಬದಲಾಯಿಸುವುದು ಅಪರಾಧ ಅಂತ ಆಗಲೇ ಬರೆದಿಟ್ಟಿದ್ದಾರೆ. ಹುಡುಗರಿಗೆ 'ಸ್ವಲ್ಪ ಮಾಡಿಫೈ ಮಾಡಿಸೋಣ' ಅನ್ನುವ ಚಪಲ ಇರುತ್ತದೆ. ಅದು ಗಾಡಿಯ ಸೈಲೆನ್ಸರ್ ಅಲ್ಲ ಅಂತ ಈಗಲೇ ಹೇಳಿಬಿಡಿ.

ಕಾನೂನನ್ನೂ ಪಕ್ಕಕ್ಕಿಡಿ. ಬೆರೆಟ್ಟಾ ಥರ ಕಾಣುವುದೇ ಅದರ ಗುಣ, ಅದೇ ಅದರ ದೋಷ. ನಂದಿ ಬೆಟ್ಟದ ಕಡೆ ಹೋಗಿ ಸ್ನೇಹಿತರ ಜೊತೆ ಅದನ್ನು ಹಿಡಿದು ಒಂದು ರೀಲ್ಸ್ ಮಾಡಿದ ಅಂತಿಟ್ಟುಕೊಳ್ಳಿ. ನೋಡುವವರಿಗೆ ಅದು ಪಿಸ್ತೂಲು. ಪೊಲೀಸರಿಗೂ ಪಿಸ್ತೂಲೇ. ಅಮೆರಿಕದಲ್ಲಿ ಆಟಿಕೆ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಇರಬೇಕು ಅಂತ ಕಾನೂನೇ ಮಾಡಿದ್ದು ಇದೇ ಗೊಂದಲಕ್ಕೆ. ಮನೆಯ ಹಿತ್ತಲಲ್ಲಿ ಹೊಡೆದರೂ, ಉಕ್ಕಿನ ಗುಂಡು ಗೋಡೆಗೆ ಬಡಿದು ನೇರ ವಾಪಸ್ ಬರುತ್ತದೆ. ಕನ್ನಡಕ ಇಲ್ಲದಿದ್ದರೆ ಕಣ್ಣು ಹೋಯಿತು.

ಅವನಿಗೆ ನಿಜವಾಗಿ ಶೂಟಿಂಗ್ ಆಸೆ ಇದ್ದರೆ ಈ ಪಿಸ್ತೂಲು ಅವನ ಕೈಯನ್ನೇ ಕೆಡಿಸುತ್ತದೆ. ಒಳಗೆ ಸುರುಳಿ ಗೆರೆ ಇಲ್ಲದ ನುಣುಪು ನಳಿಗೆ ಅದು. ಹತ್ತು ಮೀಟರಿನಲ್ಲಿ ಒಂದೇ ಕಡೆ ಗುರಿ ಇಟ್ಟರೂ ಗುಂಡು ಒಂದೊಂದು ಕಡೆ ಬೀಳುತ್ತದೆ. ತಪ್ಪು ತನ್ನದೋ ಪಿಸ್ತೂಲಿನದೋ ಅಂತ ಅವನಿಗೆ ಗೊತ್ತಾಗುವುದೇ ಇಲ್ಲ. ಸ್ಪರ್ಧೆಯಲ್ಲಿ ಬಳಸುವ ಏರ್ ಪಿಸ್ತೂಲು ಬೇರೆಯೇ ಜಾತಿ. ಅದೂ 4.5 ಮಿ.ಮೀ., ಆದರೆ ಸೀಸದ ಪೆಲೆಟ್, ಒಳಗೆ ಗೆರೆ ಇರುವ ನಳಿಗೆ, ಟ್ರಿಗರಿಗೆ ಕನಿಷ್ಠ 500 ಗ್ರಾಂ ಭಾರ. ನೋಡೋಕೆ ಸಿನಿಮಾ ಪಿಸ್ತೂಲಿನ ಥರ ಇಲ್ಲವೇ ಇಲ್ಲ. ನನ್ನ ಕಣ್ಣಿಗೆ ಅದು ಹೊಲಿಗೆ ಯಂತ್ರದ ಬಿಡಿಭಾಗದ ಥರ ಕಾಣುತ್ತದೆ. ಒಂದು ಕೈಯಲ್ಲಿ ಹಿಡಿದು 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಮೊದಲ ತಿಂಗಳು ಕೈ ನಡುಗುತ್ತದೆ, ಬೇಜಾರಾಗುತ್ತದೆ. ಆ ಬೇಜಾರು ದಾಟಿದರೆ ಅವನದು ನಿಜವಾದ ಆಸೆ.

ಹಾಗಾಗಿ ಈಗ ಏನನ್ನೂ ಕೊಡಿಸಬೇಡಿ. ಶಿಡ್ಲಘಟ್ಟದಿಂದ ಬೆಂಗಳೂರು ದೂರವೇನಲ್ಲ, ವಾರಕ್ಕೊಂದು ದಿನ ಅಲ್ಲಿನ ಯಾವುದಾದರೂ ರೈಫಲ್ ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯಲಿ. ಆರು ತಿಂಗಳಾದ ಮೇಲೂ ಹೋಗುತ್ತಿದ್ದರೆ, ಯಾವ ಏರ್ ಪಿಸ್ತೂಲು ಅಂತ ಕೋಚ್ ಹೇಳುತ್ತಾರೆ. ಆಗ ನಮ್ಮ ದೇಶದಲ್ಲೇ ಮಾಡಿದ್ದು ಒಂದು ಕೊಡಿಸಿ, ವಿದೇಶಿ ಹೆಸರಾಂತ ಮಾಡೆಲ್ ನೋಡಿ ಮಾಡಿದ್ದಾದರೂ ಪರವಾಗಿಲ್ಲ. ಕೆಟ್ಟರೆ ಸೀಲು, ವಾಷರ್ ಸಿಗುತ್ತವೆ.

ನಿಮ್ಮ ರಿವಾಲ್ವರ್ ಕೊಂಡ ಮೇಲೆ ಲೈಸೆನ್ಸಿನಲ್ಲಿ ಹೇಳಿದ ಅವಧಿಯೊಳಗೆ ತೋರಿಸಿ ನಂಬರು ಏರಿಸಿಕೊಳ್ಳುವುದು ಮರೆಯಬೇಡಿ. ಲೈಸೆನ್ಸಿನ ಅವಧಿ ಈಗ 3 ವರ್ಷದ ಬದಲು 5 ವರ್ಷ ಆಗಿದೆ, ಅದರ ಕೊನೆ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮದುವೆ ಮನೆಯಲ್ಲಿ 'ಒಂದು ಗುಂಡು ಹಾರಿಸಿ ಅಣ್ಣ' ಅಂತ ಯಾರಾದರೂ ಕೇಳಿದರೆ, ಅದಕ್ಕೂ 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ, ಎರಡೂ ಆಗಬಹುದು ಅಂತ ಹೇಳಿ ಊಟಕ್ಕೆ ಕೂರಿ.